ಬದನೆಯ ಪಾಕವೂ ಶ್ರಾವಕನ ಅಡುಗೆಮನೆಯೂ

ಮೂರನೆಯ ಮಂಗರಸನನ್ನು ಕುರಿತು ಬರೆಯುವ ಸಾಹಿತ್ಯ ಚರಿತ್ರೆಕಾರರು ಅವನ 'ನೇಮಿಜಿನೇಶ ಸಂಗತಿ', 'ಸಮ್ಯಕ್ತ್ವ ಕೌಮುದಿ', 'ಜಯನೃಪ ಕಾವ್ಯ'ಗಳಿಗೆ ಸಾಕಷ್ಟು ಪುಟಗಳನ್ನು ಮೀಸಲಿಡುತ್ತಾರೆ. ಪಟ್ಟಿಯ ಕೊನೆಯಲ್ಲಿ, ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ, 'ಸೂಪಶಾಸ್ತ್ರ'ವೆಂಬ ಅಡುಗೆಯ ಗ್ರಂಥವನ್ನೂ ಇವನು ರಚಿಸಿದ್ದಾನೆಂದು ಹೇಳಿ ಮುಂದೆ ಸಾಗುತ್ತಾರೆ. ರಸಗಳಲ್ಲಿ ಶೃಂಗಾರವನ್ನೂ ಶಾಂತವನ್ನೂ ಬಲ್ಲ ವಿಮರ್ಶೆಗೆ ಹುಳಿ, ಉಪ್ಪು, ಸಿಹಿಗಳ ರಸ ಅಷ್ಟಾಗಿ ರುಚಿಸದಿದ್ದುದು ವಿಚಿತ್ರವೇ ಸರಿ. ಆದರೆ ಮನೆಮಂದಿಯೆಲ್ಲ ಕುಳಿತು ಉಣ್ಣುವ ಸರಳವಾದ, ದೇಹಕ್ಕೆ ಹಿತವಾದ ಅಡುಗೆಯ ಚರಿತ್ರೆಯನ್ನು ಕನ್ನಡದಲ್ಲಿ ಹುಡುಕುವವರಿಗೆ ಈ ಒಂದು ವಾಕ್ಯವೇ ಬಾಗಿಲು.

ಮಂಗರಸನವರೆಗೆ ಬರುವ ಮೊದಲು ಆರು ಶತಮಾನ ಹಿಂದೆ ಸರಿಯಬೇಕು. ಕ್ರಿ.ಶ. ಸುಮಾರು 920ರ ಕೃತಿಯೆಂದು ವಿದ್ವಾಂಸರು ಎಣಿಸುವ 'ವಡ್ಡಾರಾಧನೆ'ಯಲ್ಲಿ, ಮನೆಯೊಡತಿಯೊಬ್ಬಳು ಬ್ರಹ್ಮಚಾರಿಗೆ ಬಡಿಸುವ 18 ಬಗೆಯ ಭಕ್ಷ್ಯಗಳ ನಡುವೆ 'ಇಡ್ಡಲಿಗೆ'ಯ ಹೆಸರು ಬರುತ್ತದೆ. ಇಂದಿನ ಇಡ್ಲಿಯ ಪೂರ್ವಜನೆಂದು ಈ ಪದವನ್ನು ಎತ್ತಿ ಹಿಡಿಯುವುದು ರೂಢಿಯಾಗಿದೆ. ಪದದ ಮಟ್ಟಿಗೆ ಅದು ನಿಜ, ಪದಾರ್ಥದ ಮಟ್ಟಿಗೆ ಎಚ್ಚರ ಬೇಕು. ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿ ಸುಮಾರು 1025ರಲ್ಲಿ 'ಲೋಕೋಪಕಾರ'ವನ್ನು ಬರೆದ ಎರಡನೆಯ ಚಾವುಂಡರಾಯನು ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಬೆರೆಸುವ ವಿಧಾನವನ್ನು ಹೇಳುತ್ತಾನೆ. ಇದಾದ ಸುಮಾರು ನೂರು ವರ್ಷಕ್ಕೆ ಮೂರನೆಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಉದ್ದಿನ ಹಿಟ್ಟಿನ ಚಿಕ್ಕ ಉಂಡೆಗಳಿಗೆ ಮೆಣಸು, ಜೀರಿಗೆ, ಇಂಗು ಸೇರಿಸಿದ 'ಇಡ್ಡರಿಕಾ' ಕಾಣಿಸುತ್ತದೆ. ಎಲ್ಲಿಯೂ ಅಕ್ಕಿಯಿಲ್ಲ, ಹಿಟ್ಟನ್ನು ರಾತ್ರಿಯಿಡೀ ಹುಳಿಯಿಟ್ಟ ಸೂಚನೆಯಿಲ್ಲ, ಆವಿಯಲ್ಲಿ ಬೇಯಿಸಿದ ಮಾತಿಲ್ಲ. ಆಹಾರ ಚರಿತ್ರೆಕಾರ ಕೆ.ಟಿ. ಅಚಯ ಅವರು ಈ ಮೂರು ಕೊರತೆಗಳನ್ನು ಗುರುತಿಸಿ, ಹುಳಿಯಿಸುವ ಕ್ರಮ ಇಂಡೋನೇಷಿಯಾದಿಂದ ಬಂದಿರಬಹುದೆಂದು ಊಹಿಸಿದರು. ಊಹೆಯನ್ನು ಊಹೆಯೆಂದೇ ಇಟ್ಟುಕೊಳ್ಳಬೇಕು. ಹೆಸರು ಕನ್ನಡದ್ದೆಂಬ ಅಭಿಮಾನದಿಂದ ಪಾಕವಿಧಾನವೂ ಅಂದಿನದೇ ಎಂದು ಸಾಧಿಸಹೊರಡುವುದು ಹೇಗೆ ಸಲ್ಲದೋ, ವಿಧಾನ ಹೇಳಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಕಡಲಾಚೆಗೆ ಒಪ್ಪಿಸಿಬಿಡುವುದೂ ಹಾಗೆಯೇ ಸಲ್ಲದು. ದಿನವೂ ಮಾಡುವ ಕೆಲಸವನ್ನು ಯಾವ ಮನೆಯೊಡತಿಯೂ ಬರೆದಿಡುವುದಿಲ್ಲ.

ಇಲ್ಲಿ ಹೆಸರಿನ ಗೊಂದಲವೊಂದನ್ನು ನಿವಾರಿಸಬೇಕು. ಲೋಕೋಪಕಾರದ ಕರ್ತೃವು ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿ, 978ರಲ್ಲಿ 'ತ್ರಿಷಷ್ಟಿಲಕ್ಷಣ ಮಹಾಪುರಾಣ'ವನ್ನು ಬರೆದ ಗಂಗರ ಮಂತ್ರಿ ಚಾವುಂಡರಾಯನಲ್ಲ. ಸಾಹಿತ್ಯ ಚರಿತ್ರೆಯು ಇವನನ್ನು ಶೈವ ಬ್ರಾಹ್ಮಣನೆಂದು ಗುರುತಿಸುತ್ತದೆ. ಈ ಭೇದ ಅಡುಗೆಮನೆಗೂ ಸಂಬಂಧಿಸಿದ್ದು. ಹಸಿಯಾದ ಮೊಸರು ಮಜ್ಜಿಗೆಗಳೊಡನೆ ದ್ವಿದಳ ಧಾನ್ಯವನ್ನು ಬೆರೆಸಿ ಉಣ್ಣುವುದನ್ನು ಶ್ರಾವಕಾಚಾರ ಪರಂಪರೆ ನಿಷೇಧಿಸುತ್ತದೆ. ಮಜ್ಜಿಗೆಯಲ್ಲಿ ಉದ್ದನ್ನು ನೆನೆಸುವ ಪಾಕವನ್ನು ಶೈವನೊಬ್ಬ ನಿಸ್ಸಂಕೋಚವಾಗಿ ಬರೆಯಬಹುದು, ನಿಷ್ಠಾವಂತ ಶ್ರಾವಕನು ಅದನ್ನು ಒಪ್ಪುವುದು ಕಷ್ಟ. ರಾತ್ರಿ ಕಳೆದ ಹಿಟ್ಟನ್ನು ಇಂದಿಗೂ ಮುಟ್ಟದ ವ್ರತಸ್ಥರ ಮನೆಗಳಿವೆ. ವಡ್ಡಾರಾಧನೆಯ ಮನೆಯೊಡತಿಯ ಇಡ್ಡಲಿಗೆಯನ್ನೂ ಚಾವುಂಡರಾಯನ ಪಾಕವನ್ನೂ ಒಂದೇ ಎಂದು ಹೇಳುವ ಮೊದಲು ಈ ಸಂಗತಿಯನ್ನು ನೆನೆಯಬೇಕಾಗಿತ್ತು, ಆದರೆ ಇಡ್ಲಿಯ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ನೆನೆದಂತಿಲ್ಲ.

ಜೈನ ಗೃಹಸ್ಥನ ಅಡುಗೆಮನೆಗೆ ಇನ್ನೊಂದು ಹೊಣೆಯಿತ್ತು. ದಿಗಂಬರ ಮುನಿಯು ದಿನಕ್ಕೊಮ್ಮೆ, ನಿಂತು, ಕೈಯನ್ನೇ ಪಾತ್ರೆಯಾಗಿಸಿ ಆಹಾರ ಸ್ವೀಕರಿಸುತ್ತಾನೆ. ತನಗಾಗಿಯೇ ಮಾಡಿದ ಅಡುಗೆ ಅವನಿಗೆ ಉದ್ದಿಷ್ಟ ದೋಷದ್ದು. ಅಂದರೆ ಮನೆಯವರು ತಮಗಾಗಿ ಮಾಡಿಕೊಂಡದ್ದರಲ್ಲಿಯೇ ಅವನಿಗೆ ಪಾಲು. ಗಾಳಿಸಿದ ನೀರು, ಆರಿಸಿದ ಧಾನ್ಯ, ಸೂರ್ಯಾಸ್ತಕ್ಕೆ ಮುನ್ನ ಮುಗಿಯುವ ಊಟ, ಇವು ಅತಿಥಿಗಾಗಿ ಹಬ್ಬದ ದಿನ ಮಾತ್ರ ಪಾಲಿಸುವ ನಿಯಮಗಳಾಗಿ ಉಳಿಯಲಾರವು. ಮಕ್ಕಳೂ ಮುದುಕರೂ ನಿತ್ಯ ಉಣ್ಣುವ ಅನ್ನವೇ ಮುನಿಗೆ ಯೋಗ್ಯವಾಗಿರಬೇಕಾಗಿತ್ತು.

ಈ ಹಿನ್ನೆಲೆಯಲ್ಲಿ 16ನೆಯ ಶತಮಾನದ ಆರಂಭದ ಮಂಗರಸನನ್ನು ಓದಬೇಕು. ಕಲ್ಲಹಳ್ಳಿಯ ಪ್ರಭು ಮನೆತನದ ಈ ಜೈನ ಕವಿ ತನ್ನ ಸೂಪಶಾಸ್ತ್ರವನ್ನು ಆರು ಅಧ್ಯಾಯಗಳಲ್ಲಿ, ವಾರ್ಧಕ ಷಟ್ಪದಿಯಲ್ಲಿ ಹೇಳಿದ್ದಾನೆ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಪಾಯಸ ಹಾಗೂ ಅನ್ನದ ಬಗೆಗಳು, ಬದನೆ, ಹಲಸು, ಬಾಳೆ, ಕಳಲೆ ಎಲ್ಲವೂ ಅಲ್ಲಿವೆ. ಕೆಳಗೂ ಮೇಲೂ ಕೆಂಡವಿಟ್ಟು ಎರಡು ತಟ್ಟೆಗಳ ನಡುವೆ ಸುಡುವ ಮುಚ್ಚಳರೊಟ್ಟಿಯೂ ಇದೆ. ಮಾನಸೋಲ್ಲಾಸದ ಅನ್ನಭೋಗದಲ್ಲಿ ಹೊಲದ ಇಲಿಯವರೆಗೆ ಹಬ್ಬಿರುವ ಮಾಂಸದ ಅಡುಗೆಗಳನ್ನು ಓದಿ ಬಂದವರಿಗೆ ಇದು ಬೇರೆಯೇ ಲೋಕ. ಅಲ್ಲಿರುವುದು ಅರಸನ ಭೋಗ. ಇಲ್ಲಿ ಪ್ರಭುವೊಬ್ಬನು ಬರೆದಿದ್ದರೂ ಪದಾರ್ಥಗಳಲ್ಲಿ ಬಹುಪಾಲು ಹಿತ್ತಿಲಿನಿಂದ ಬರುವಂಥವು. ಬಾಳೆಯೊಂದರಲ್ಲಿಯೇ ಕಾಯಿ ಹೂವುಗಳೆರಡೂ ಪಾಕಕ್ಕೆ ಸಲ್ಲುತ್ತವೆ.

ಎಲ್ಲಕ್ಕಿಂತ ಕುತೂಹಲದ್ದು ಬದನೆಯ ವಿಚಾರ. ಬಹುಬೀಜವೆಂಬ ಕಾರಣದಿಂದ ಬದನೆಯನ್ನು ಅಭಕ್ಷ್ಯಗಳಲ್ಲಿ ಎಣಿಸುವ ಸಂಪ್ರದಾಯ ಜೈನರಲ್ಲಿದೆ. ಸಮ್ಯಕ್ತ್ವದ ಮಹಿಮೆಯನ್ನು ಕಾವ್ಯವಾಗಿಸಿದ ಕವಿಗೆ ಇದು ತಿಳಿಯದ ವಿಷಯವೆನ್ನಲಾಗದು. ಆದರೂ ಅವನು ಬದನೆಯ ಪಾಕಗಳನ್ನು ಒಂದಾದ ಮೇಲೊಂದರಂತೆ ವಿಸ್ತಾರವಾಗಿ ವರ್ಣಿಸುತ್ತಾನೆ. ಇದನ್ನು ಧರ್ಮಶೈಥಿಲ್ಯವೆಂದು ಮೂಗು ಮುರಿಯುವುದು ಸುಲಭ. ಶಾಸ್ತ್ರಗ್ರಂಥವು ಲೋಕದಲ್ಲಿರುವುದನ್ನು ಹೇಳುತ್ತದೆ, ಆಚಾರಗ್ರಂಥವು ಇರಬೇಕಾದುದನ್ನು ಹೇಳುತ್ತದೆ ಎಂದು ವಿಭಜಿಸಿ ಸಮಾಧಾನಪಡುವುದು ಇನ್ನೂ ಸುಲಭ. ಆದರೆ ಮಾಂಸದ ವಿಷಯದಲ್ಲಿ ಅವನು ಲೋಕದಲ್ಲಿದ್ದುದನ್ನು ಹೇಳಲಿಲ್ಲ, ಅದನ್ನು ಪೂರ್ತಿಯಾಗಿ ಬಿಟ್ಟನು. ಎಲ್ಲಿ ಗೆರೆ ಎಳೆಯಬೇಕೆಂಬುದು ಅವನಿಗೆ ಗೊತ್ತಿತ್ತು. ಅವನು ಎಳೆದ ಗೆರೆ ಅಣುವ್ರತಿಯಾದ ಸಾಮಾನ್ಯ ಗೃಹಸ್ಥನ ಗೆರೆಯೇ ಹೊರತು ಮೇಲಿನ ಪ್ರತಿಮೆಗಳನ್ನೇರಿದ ತ್ಯಾಗಿಯ ಗೆರೆಯಲ್ಲ. ಕನ್ನಡ ನಾಡಿನ ಜೈನ ಮನೆಗಳ ನಿಜವಾದ ತಟ್ಟೆಯನ್ನು ತಿಳಿಯಲು ನಿಯಮಗಳ ಪಟ್ಟಿಗಿಂತ ಈ ಅಧ್ಯಾಯವೇ ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿ.

ಖಾರದ ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ ಅವರ ಹಡಗುಗಳೊಡನೆ ಬಂದ ಪದಾರ್ಥ. ಮಂಗರಸನ ಒಲೆಯ ಖಾರ ಕಾಳುಮೆಣಸಿನದು. ಹಳೆಯ ಪಾಕವನ್ನು ಹಾಗೆಯೇ ಮಾಡಿ ನೋಡುತ್ತೇವೆಂದು ಹೊರಡುವವರು ಒಣಮೆಣಸಿನಕಾಯಿಯ ಡಬ್ಬಿಯನ್ನು ಮೊದಲು ಪಕ್ಕಕ್ಕಿಡಬೇಕು. ಟೊಮೇಟೊ, ಆಲೂಗಡ್ಡೆಗಳ ಮಾತೂ ಅಷ್ಟೇ. ಮೆಣಸಿನ ಹೆಸರನ್ನೇ ಹೊಸ ಕಾಯಿಗೂ ಕೊಟ್ಟು ಹಳೆಯದನ್ನು 'ಕಾಳುಮೆಣಸು' ಎಂದು ಬೇರ್ಪಡಿಸಿದ ಕನ್ನಡ ಭಾಷೆ ಈ ಪಲ್ಲಟದ ದಾಖಲೆಯನ್ನು ತಾನೇ ಉಳಿಸಿಕೊಂಡಿದೆ.

ಕಳಲೆಯ ಪಾಕದಲ್ಲಿ ಮಾತ್ರ ಹೆಚ್ಚೇನೂ ಬದಲಾದಂತೆ ತೋರುವುದಿಲ್ಲ. ಮಳೆಗಾಲ ಹಿಡಿದೊಡನೆ ಮಲೆನಾಡಿನ ಮನೆಗಳಲ್ಲಿ ಎಳೆಯ ಬಿದಿರ ಮೊಳಕೆಯನ್ನು ತೆಳ್ಳಗೆ ಹೆಚ್ಚಿ, ನೀರಿನಲ್ಲಿ ಮುಳುಗಿಸಿಟ್ಟು, ದಿನವೂ ನೀರು ಬದಲಿಸಿ ಕಹಿ ತೆಗೆದು, ಆಮೇಲೆ ಪಲ್ಯಕ್ಕೆ ಇಡುತ್ತಾರೆ. ಎಷ್ಟು ದಿನ ನೆನೆಯಬೇಕೆಂದು ಕೇಳಿದರೆ ಮನೆಯ ಹಿರಿಯರು ಲೆಕ್ಕ ಹೇಳುವುದಿಲ್ಲ, ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ನೋಡುತ್ತಾರೆ.