ಕೆಡವಲು ಹೊರಟಿದ್ದ ಮನೆ ಸ್ಮಾರಕವಾದ ಬಗೆ: ಯಾದವಗಿರಿಯ ಆರ್.ಕೆ. ನಾರಾಯಣ್ ನಿವಾಸ

ಮೈಸೂರಿನ ಯಾದವಗಿರಿಯ ವಿವೇಕಾನಂದ ರಸ್ತೆಯಲ್ಲಿ ಎರಡಂತಸ್ತಿನ ಮನೆಯೊಂದಿದೆ. ಇಂಗ್ಲಿಷ್ ಕಾದಂಬರಿಕಾರ ಆರ್.ಕೆ. ನಾರಾಯಣ್ (1906–2001) ಕಟ್ಟಿಸಿ, ದಶಕಗಳ ಕಾಲ ವಾಸವಿದ್ದ ಮನೆ ಅದು. 2011ರಲ್ಲಿ ಅದನ್ನು ಕೆಡವುವ ಕೆಲಸ ಶುರುವಾಗಿತ್ತು. 2016ರಲ್ಲಿ ಅದೇ ಮನೆ ಸ್ಮಾರಕವಾಗಿ ಸಾರ್ವಜನಿಕರಿಗೆ ತೆರೆಯಿತು. ಈ ಐದು ವರ್ಷಗಳ ಕತೆಯನ್ನು ನಮ್ಮ ಪತ್ರಿಕೆಯಲ್ಲಿ ದಾಖಲಿಸಲು ಕಾರಣವಿದೆ. ಹಳೆಯ ವಾಚನಾಲಯ, ಸಂಘದ ಸಭಾಂಗಣ, ಕವಿಗಳ ಮನೆ ಇಂಥವು ಗಡಿಯ ಈಚೆಗೆ ನಮ್ಮ ಊರುಗಳಲ್ಲೂ ಇವೆ. ಅವುಗಳ ಪ್ರಶ್ನೆ ಬಂದಾಗಲೆಲ್ಲ ಮೈಸೂರಿನಲ್ಲಿ ಎದ್ದ ವಾದವೇ ನಮ್ಮೆದುರಿಗೂ ಬಂದು ನಿಲ್ಲುತ್ತದೆ.

ನಾರಾಯಣ್ ಹುಟ್ಟಿದ್ದು ಮದರಾಸಿನಲ್ಲಿ, ಮನೆಮಾತು ತಮಿಳು. ತಂದೆಯವರು ಮೈಸೂರಿನ ಮಹಾರಾಜಾ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ಬಂದದ್ದರಿಂದ ಕುಟುಂಬ ಇಲ್ಲಿಗೆ ಬಂತು. ಓದಿದ್ದು ಮಹಾರಾಜಾ ಕಾಲೇಜಿನಲ್ಲಿ. ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಬಂತು. 1958ರ 'ದಿ ಗೈಡ್' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಯಾದವಗಿರಿಯ ಮನೆಯ ಮಹಡಿಯಲ್ಲಿ ಅರ್ಧವೃತ್ತಾಕಾರದ ಒಂದು ಕೋಣೆ, ಅದರ ಸುತ್ತ ಸಾಲು ಕಿಟಕಿಗಳು. ಅವರು ಕೂತು ಬರೆಯುತ್ತಿದ್ದದ್ದು ಅಲ್ಲಿ. ವಯಸ್ಸಾದ ಮೇಲೆ ಚೆನ್ನೈಗೆ ಹೋದರು, 2001ರ ಮೇ 13ರಂದು ಅಲ್ಲಿಯೇ ತೀರಿಕೊಂಡರು. ಮನೆ ಖಾಲಿ ಉಳಿಯಿತು.

ಖಾಲಿ ಮನೆಗೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಜಾಗದ ಬೆಲೆ ಏರುತ್ತದೆ, ಮನೆಯ ಬೆಲೆ ಇಳಿಯುತ್ತದೆ. ಯಾದವಗಿರಿಯ ಮನೆಯೂ ಕಟ್ಟಡ ನಿರ್ಮಾಣದವರ ಪಾಲಾಯಿತು. 2011ರಲ್ಲಿ ಒಡೆಯುವ ಕೆಲಸ ಶುರುವಾದಾಗ ಸುದ್ದಿ ಪತ್ರಿಕೆಗಳಿಗೆ ಬಂತು. ಮೈಸೂರಿನ ನಾಗರಿಕರು, ಓದುಗರು, ಪರಂಪರೆಯ ಕಾಳಜಿಯುಳ್ಳವರು ದನಿಯೆತ್ತಿದರು. ಮಹಾನಗರ ಪಾಲಿಕೆ ಕೆಲಸ ನಿಲ್ಲಿಸುವಂತೆ ಸೂಚಿಸಿತು. ಅಷ್ಟರಲ್ಲಿ ಮನೆಯ ಒಂದಷ್ಟು ಭಾಗಕ್ಕೆ ಪೆಟ್ಟು ಬಿದ್ದಾಗಿತ್ತು, ಆದರೆ ಗೋಡೆಗಳು ನಿಂತಿದ್ದವು. ಸುದ್ದಿ ಇನ್ನೊಂದು ವಾರ ತಡವಾಗಿದ್ದರೆ ಉಳಿಸಲು ಏನೂ ಇರುತ್ತಿರಲಿಲ್ಲ ಎಂದು ನಮ್ಮ ಅನಿಸಿಕೆ.

ಕಾನೂನಿನ ತೊಡಕು ಇದ್ದದ್ದು ಇಲ್ಲಿ. ಸಂರಕ್ಷಿತ ಸ್ಮಾರಕ ಎಂದರೆ ನಮಗೆ ನೆನಪಾಗುವುದು 1958ರ ಕೇಂದ್ರ ಕಾಯ್ದೆ. ಅದರಡಿ ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ರಾಜ್ಯಗಳ ಪುರಾತತ್ವ ಕಾಯ್ದೆಗಳೂ ಬಹುಮಟ್ಟಿಗೆ ಇದೇ ಅಳತೆಗೋಲನ್ನು ಹಿಡಿದಿವೆ. ನಾರಾಯಣ್ ಮನೆಗೆ ಆಗ ಸುಮಾರು 60 ವರ್ಷ. ಹಾಗಾಗಿ ಪುರಾತತ್ವದ ಬಾಗಿಲು ತೆರೆಯುವಂತಿರಲಿಲ್ಲ. ಉಳಿದ ದಾರಿ ಊರಿನ ಯೋಜನೆಯ ಕಾನೂನು. ಕಟ್ಟಡದ ವಯಸ್ಸು ಎಷ್ಟೇ ಇರಲಿ, ಅದಕ್ಕೆ ಚಾರಿತ್ರಿಕ ಅಥವಾ ಸಾಂಸ್ಕೃತಿಕ ಮಹತ್ವ ಇದ್ದರೆ 'ಪಾರಂಪರಿಕ ಕಟ್ಟಡ' ಎಂದು ಗುರುತಿಸಲು ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಜಾಗ ಇದೆ. ಮನೆಯನ್ನು ಹಾಗೆ ಗುರುತಿಸಲಾಯಿತು. ಆದರೆ ಬರೀ ಹೆಸರು ಕೊಟ್ಟರೆ ಖಾಸಗಿ ಸ್ವತ್ತು ಉಳಿಯುವುದಿಲ್ಲ, ಮಾಲೀಕರಿಗೂ ಹಕ್ಕು ಇರುತ್ತದೆ. ಕೊನೆಗೆ ಸಾರ್ವಜನಿಕ ಹಣದಿಂದ ಸುಮಾರು 2.4 ಕೋಟಿ ರೂಪಾಯಿ ಕೊಟ್ಟು ಮನೆಯನ್ನು ಕೊಂಡರು. ದುರಸ್ತಿಯನ್ನು ಪಾಲಿಕೆ ವಹಿಸಿಕೊಂಡಿತು.

ಹಣದ ಮಾತು ಬಂದೊಡನೆ ವಿವಾದ ಹುಟ್ಟಿತು. ಕನ್ನಡದ ಹಲವು ಹಿರಿಯ ಸಾಹಿತಿಗಳು ಬಹಿರಂಗವಾಗಿ ವಿರೋಧಿಸಿದರು. ನಾರಾಯಣ್ ಕನ್ನಡದಲ್ಲಿ ಬರೆದವರಲ್ಲ, ಕನ್ನಡಕ್ಕೆ ಅವರ ಕೊಡುಗೆ ಏನು? ಅವರ ಹಸ್ತಪ್ರತಿಗಳು ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿವೆ, ಇಲ್ಲಿ ಏನನ್ನು ಕಾಪಾಡುವುದು? ಕನ್ನಡ ಲೇಖಕರ ಮನೆಗಳಿಗೆ ಸಿಗದ ಹಣ ಇದಕ್ಕೆ ಏಕೆ? ಈ ಪ್ರಶ್ನೆಗಳನ್ನು ಸಣ್ಣತನ ಎಂದು ತಳ್ಳಿಹಾಕಲಾಗದು. ಕೊನೆಯ ಪ್ರಶ್ನೆಯಂತೂ ಇಂದಿಗೂ ನ್ಯಾಯವಾದದ್ದೇ.

ಇದಕ್ಕೆ ಉತ್ತರವಾಗಿ ಹೇಳಬಹುದಾದ ಸಂಗತಿಗಳೂ ಇವೆ. ಕರ್ನಾಟಕವನ್ನು ಸುತ್ತಿ ಬರೆದ ಅವರ ಪ್ರವಾಸ ಗ್ರಂಥ 'ದಿ ಎಮರಾಲ್ಡ್ ರೂಟ್' 1977ರಲ್ಲಿ ಬಂತು, ಅದರ ಚಿತ್ರಗಳು ತಮ್ಮ ಆರ್.ಕೆ. ಲಕ್ಷ್ಮಣ್ ಅವರದು. ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಆಗುಂಬೆಯಲ್ಲಿ ಚಿತ್ರೀಕರಣಗೊಂಡು ದೂರದರ್ಶನದಲ್ಲಿ ಬಂದಾಗ, ಮಾಲ್ಗುಡಿ ನಮ್ಮದೇ ಊರು ಎಂದುಕೊಂಡವರು ನಮ್ಮಲ್ಲೂ ಬಹಳ ಮಂದಿ.

ಆದರೆ ಗಡಿನಾಡಿನವರಾದ ನಮಗೆ ಈ ವಿವಾದದಲ್ಲಿ ಬೇರೆಯೇ ಒಂದು ಲೆಕ್ಕ ಇದೆ. 'ಈ ರಾಜ್ಯದ ಭಾಷೆಯಲ್ಲಿ ಬರೆಯದವರಿಗೆ ಈ ರಾಜ್ಯದ ಹಣದಲ್ಲಿ ಸ್ಮಾರಕ ಏಕೆ' ಎಂಬ ಮಾತನ್ನು ಕೇರಳದಲ್ಲೋ ಮಹಾರಾಷ್ಟ್ರದಲ್ಲೋ ಹೇಳಿದರೆ ಅದು ಬಂದು ತಾಗುವುದು ನಮಗೇ. ಮಂಜೇಶ್ವರದ ಗೋವಿಂದ ಪೈಗಳನ್ನು ನೋಡಿ. ಹುಟ್ಟಿದ್ದು 1883ರ ಮಾರ್ಚ್ 23, ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಗೌರವ ಕೊಟ್ಟದ್ದು ಮದರಾಸು ಸರ್ಕಾರ. ಭಾಷಾವಾರು ಪ್ರಾಂತಗಳಾದಾಗ ಅವರ ಊರು ಕೇರಳಕ್ಕೆ ಸೇರಿತು. ಬಹುಕಾಲ ಶಿಥಿಲವಾಗಿದ್ದ ಅವರ ಮನೆ ಇಂದು 'ಗಿಳಿವಿಂಡು' ಹೆಸರಿನ ಸ್ಮಾರಕವಾಗಿದೆ ಎಂದರೆ ಅದರ ಹಿಂದೆ ಕರ್ನಾಟಕದ ನೆರವು ಮಾತ್ರವಲ್ಲ, ಕೇರಳದ ನೆರವೂ ಇದೆ. ಮಲಯಾಳದಲ್ಲಿ ಬರೆಯದ ಕವಿ ಎಂದು ಅಲ್ಲಿನ ಸರ್ಕಾರ ಕೈಚೆಲ್ಲಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ದ.ರಾ. ಬೇಂದ್ರೆ 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಆ ವರ್ಷಗಳ ಗುರುತನ್ನು ಸೊಲ್ಲಾಪುರ ಕಾಪಾಡಲಿ ಎಂದು ಕೇಳುವಾಗಲೂ ನಾವು ನೆಚ್ಚುವುದು ಇದೇ ತರ್ಕವನ್ನು: ಒಬ್ಬ ಬರಹಗಾರ ಬಾಳಿದ ಊರಿಗೂ ಅವನ ಮೇಲೆ ಹಕ್ಕಿದೆ, ಹೊಣೆಯೂ ಇದೆ. ಯಾದವಗಿರಿಯಲ್ಲಿ ಒಂದು ಅಳತೆ, ಮಂಜೇಶ್ವರದಲ್ಲಿ ಇನ್ನೊಂದು ಎಂದು ನಾವು ಹೇಳಲಾರೆವು.

ಮನೆಯನ್ನು ಉಳಿಸಿದ ಮೇಲೂ ಬಾಗಿಲು ತೆರೆಯಲು 2016 ಬಂತು. ಈಗ ಅಲ್ಲಿ ನಾರಾಯಣ್ ಬಳಸಿದ ಬಟ್ಟೆ, ಕನ್ನಡಕ, ಅವರಿಗೆ ಬಂದ ಪ್ರಶಸ್ತಿಗಳು, ಛಾಯಾಚಿತ್ರಗಳು, ಪುಸ್ತಕಗಳು ಇವೆ. ದೊಡ್ಡ ಸಂಗ್ರಹವೇನಲ್ಲ. ಹಸ್ತಪ್ರತಿ ಇಲ್ಲದ ಕೊರತೆ ಕಾಣುತ್ತದೆ. ಆದರೂ ಆ ಕಿಟಕಿಗಳ ಕೋಣೆ ಬಾಸ್ಟನ್ನಿನಲ್ಲಿ ಸಿಗುವುದಿಲ್ಲವಲ್ಲ.

ಸರ್ಕಾರವೇ ಕೆಡವಲು ಹೊರಟರೆ? ಅದಕ್ಕೆ ಹೈದರಾಬಾದಿನ ಇರ್ರಂ ಮಂಜಿಲ್ ಉದಾಹರಣೆ. ನಿಜಾಮರ ಕಾಲದ ಫಖ್ರುಲ್ ಮುಲ್ಕ್ ಕಟ್ಟಿಸಿದ ಈ ಅರಮನೆಯ ಜಾಗದಲ್ಲಿ ಹೊಸ ವಿಧಾನಸಭೆ ಕಟ್ಟಲು ತೆಲಂಗಾಣ ಸಚಿವ ಸಂಪುಟ 2019ರ ಜೂನ್‌ನಲ್ಲಿ ತೀರ್ಮಾನಿಸಿತು. ನಾಗರಿಕರು ಹೈಕೋರ್ಟಿಗೆ ಹೋದರು. ಕಟ್ಟಡ ಹಿಂದಿನಿಂದಲೂ ಪಾರಂಪರಿಕ ಪಟ್ಟಿಯಲ್ಲಿತ್ತು, ವಾದಕ್ಕೆ ಅದು ಆಧಾರವಾಯಿತು. ಆ ವರ್ಷದ ಸೆಪ್ಟೆಂಬರ್ 16ರಂದು ಹೈಕೋರ್ಟ್ ಸಂಪುಟದ ತೀರ್ಮಾನವನ್ನು ರದ್ದು ಮಾಡಿತು. ಕಟ್ಟಡದ ಹೆಸರು ಮೊದಲೇ ಪಟ್ಟಿಯಲ್ಲಿದ್ದರೆ ಎಷ್ಟು ಅನುಕೂಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ಊರುಗಳಲ್ಲಿ ಈ ಪಟ್ಟಿಯ ದಾರಿ ರಾಜ್ಯಕ್ಕೊಂದು ಬಗೆ. ಮಹಾರಾಷ್ಟ್ರದಲ್ಲಿ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯಡಿ ರಚನೆಯಾಗುವ ನಗರಗಳ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ ಪಾರಂಪರಿಕ ಪಟ್ಟಿಗೆ ಅವಕಾಶವಿದೆ. ಸೊಲ್ಲಾಪುರದವರು ಮೊದಲು ಮಹಾನಗರಪಾಲಿಕೆಯಲ್ಲಿ ವಿಚಾರಿಸಬೇಕು. ತಮಿಳುನಾಡಿಗೆ 2012ರ ಪರಂಪರೆ ಆಯೋಗ ಕಾಯ್ದೆ, ತೆಲಂಗಾಣಕ್ಕೆ 2017ರ ಪರಂಪರೆ ಕಾಯ್ದೆ ಇವೆ. ಕೇರಳದಲ್ಲಿ ಕಟ್ಟಡ ನಿಯಮಗಳೊಳಗೆ ಕಲೆ ಮತ್ತು ಪರಂಪರೆ ಆಯೋಗದ ಪಾತ್ರವಿದೆ.

ಎಲ್ಲಿ ಅರ್ಜಿ ಹಾಕಿದರೂ ಮೊದಲು ಕೇಳುವುದು ಜಾಗ ಯಾರ ಹೆಸರಿನಲ್ಲಿದೆ ಎಂದು. ಹಳೆಯ ಸಂಘಗಳ ಕಟ್ಟಡಗಳು ಸೋಲುವುದು ಇಲ್ಲೇ. ದಾನ ಕೊಟ್ಟವರು ತೀರಿಕೊಂಡಿರುತ್ತಾರೆ, ದಾನಪತ್ರ ನೋಂದಣಿ ಆಗಿರುವುದಿಲ್ಲ, ಸಂಘದ ನೋಂದಣಿಯೂ ನವೀಕರಣ ಕಾಣದೆ ಬಿದ್ದಿರುತ್ತದೆ. ಆದ್ದರಿಂದ ಕಾಸರಗೋಡಿನಲ್ಲಾದರೆ ಆಧಾರ, ಹೊಸೂರು, ತಾಳವಾಡಿಯಲ್ಲಾದರೆ ಪಟ್ಟಾ, ಸೊಲ್ಲಾಪುರದಲ್ಲಾದರೆ ಪ್ರಾಪರ್ಟಿ ಕಾರ್ಡ್, ಅಕ್ಕಲಕೋಟೆ, ಜತ್ತದ ಹಳ್ಳಿಗಳಲ್ಲಾದರೆ ಸಾತಬಾರಾ ಉತಾರ, ಆದವಾನಿ, ರಾಯದುರ್ಗದಲ್ಲಾದರೆ ಪುರಸಭೆಯ ತೆರಿಗೆ ರಸೀದಿ, ಹೀಗೆ ಸಿಕ್ಕಿದ್ದನ್ನು ಈಗಲೇ ತೆಗೆಸಿಡಿ. ಗೋಡೆಯ ಮೇಲಿನ ಶಿಲಾಫಲಕ, ದಾನಿಗಳ ಪಟ್ಟಿ, ಹಳೆಯ ಸಭೆಗಳ ಆಮಂತ್ರಣ ಪತ್ರಿಕೆಗಳ ಫೋಟೋ ತೆಗೆಯಿರಿ. ಫಲಕದಲ್ಲಿ ಇಸವಿ ಇದ್ದರೆ ಅದು ಓದಲು ಬರುವಂತೆ ಹತ್ತಿರದಿಂದ ಇನ್ನೊಂದು ಫೋಟೋ ಬೇಕು.

ನಿಮ್ಮ ಊರಿನಲ್ಲಿ ಇಂಥ ಕಟ್ಟಡ ಇದ್ದರೆ ಅದರ ಹೆಸರು, ಇರುವ ಬೀದಿ, ಈಗಿನ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ಶಾಖೆಯ ಕಾರ್ಯದರ್ಶಿಯವರಿಗೆ ತಲುಪಿಸಿ. ಕೆಡವುವ ನೋಟಿಸು ಅಂಟಿಸಿದ್ದರೆ ಕಾಯಬೇಡಿ, ಅದೇ ದಿನ ಫೋನ್ ಮಾಡಿ ತಿಳಿಸಿ.