ಹಾಲೆಂಡ್ ಸೈಕಲ್ ನಾಡಾದ ಬಗೆ

ನೆದರ್‌ಲೆಂಡ್ಸ್, ಅಂದರೆ ರೂಢಿಯ ಮಾತಿನ ಹಾಲೆಂಡ್, ಎಂದೊಡನೆ ಟ್ಯುಲಿಪ್ ಹೂ, ಗಾಳಿಗಿರಣಿ ಮತ್ತು ಸೈಕಲ್ ಒಟ್ಟಿಗೆ ನೆನಪಾಗುತ್ತವೆ. ಸುಮಾರು 1 ಕೋಟಿ 80 ಲಕ್ಷ ಜನರಿರುವ ಆ ದೇಶದಲ್ಲಿ ಸೈಕಲ್‌ಗಳ ಸಂಖ್ಯೆ ಜನಸಂಖ್ಯೆಯನ್ನೂ ಮೀರಿದೆ. ಶಾಲೆಯ ಮಕ್ಕಳು, ಸಂತೆಗೆ ಹೊರಟ ಮುದುಕಿಯರು, ಕಚೇರಿಯ ಅಧಿಕಾರಿಗಳು ಎಲ್ಲರೂ ಅದನ್ನೇರುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಸರಳವಾದುದು: ನೆಲ ಸಮತಟ್ಟು, ಊರುಗಳು ಹತ್ತಿರ, ಜನರಿಗೆ ಹಿಂದಿನಿಂದ ಬಂದ ಅಭ್ಯಾಸ. ಆದರೆ 1970ರ ಸುಮಾರಿನಲ್ಲೂ ಹಾಲೆಂಡಿನ ನೆಲ ಇಷ್ಟೇ ಸಮತಟ್ಟಾಗಿತ್ತು. ಆಗ ಅಲ್ಲಿ ಸೈಕಲ್ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿತ್ತು. ಅದನ್ನು ಮರಳಿ ಬೀದಿಗೆ ತಂದದ್ದು ಭೂಗೋಳವಲ್ಲ, ಇಪ್ಪತ್ತು ವರ್ಷಗಳ ಜಗಳ.

ಸೈಕಲ್ ಆ ದೇಶಕ್ಕೆ ಕಾಲಿಟ್ಟದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. 1883ರಲ್ಲಿ ಸವಾರರು ಸೇರಿ ಕಟ್ಟಿಕೊಂಡ ರಾಷ್ಟ್ರೀಯ ಸಂಘವು ದಾರಿಸೂಚಕ ಫಲಕಗಳನ್ನು ನೆಡಿಸಿತು, ಸೈಕಲ್ ಹಾದಿಗಳಿಗಾಗಿ ಒತ್ತಾಯಿಸಿತು. 1924ರಲ್ಲಿ ಸರ್ಕಾರ ಸೈಕಲ್ ಮೇಲೆ ತೆರಿಗೆ ಹಾಕಿತು. ನಮ್ಮ ಪುರಸಭೆಗಳು ಒಂದು ಕಾಲಕ್ಕೆ ಕೊಡುತ್ತಿದ್ದ ಸೈಕಲ್ ಬಿಲ್ಲೆಯಂತೆ ಅಲ್ಲೂ ತೆರಿಗೆ ಕಟ್ಟಿದವರಿಗೆ ಹಿತ್ತಾಳೆಯ ಬಿಲ್ಲೆ ಸಿಗುತ್ತಿತ್ತು. ನಿರುದ್ಯೋಗಿಗಳಿಗೆ ಉಚಿತವಾಗಿ ಕೊಡುತ್ತಿದ್ದ ಬಿಲ್ಲೆಯ ನಡುವೆ ಒಂದು ತೂತು ಇರುತ್ತಿದ್ದುದರಿಂದ ಸವಾರನ ಬಡತನ ಬೀದಿಗೆಲ್ಲ ಕಾಣುತ್ತಿತ್ತು. ಈ ತೆರಿಗೆಯ ಹಣ ರಸ್ತೆ ನಿಧಿಗೂ ಸೇರಿತು. ಮುಂದೆ ಕಾರುಗಳು ಓಡಿದ ರಸ್ತೆಗಳಿಗೆ ಸೈಕಲ್ ಸವಾರನೂ ಹೀಗೆ ಹಣ ತೆತ್ತಿದ್ದ. 1941ರಲ್ಲಿ, ಜರ್ಮನರ ಆಕ್ರಮಣದ ಕಾಲದಲ್ಲಿ, ಆ ತೆರಿಗೆ ರದ್ದಾಯಿತು.

ಎರಡನೆಯ ಮಹಾಯುದ್ಧದ ನಂತರ ದೇಶ ಚೇತರಿಸಿಕೊಂಡಿತು. ಆದಾಯ ಹೆಚ್ಚಿತು, ಮನೆಮನೆಗೆ ಕಾರು ಬಂದಿತು. ಕಾರೇ ಪ್ರಗತಿಯ ಗುರುತು ಎಂದು ಯೋಜಕರು ನಂಬಿದರು. 1954ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಪೊಲೀಸ್ ಮುಖ್ಯಾಧಿಕಾರಿ ಕಾಸ್‌ಯಾಗರ್, ವಾಹನ ಸಂಚಾರಕ್ಕೂ ನಿಲುಗಡೆಗೂ ಜಾಗ ಮಾಡಲು ನಗರದ ಹಳೆಯ ಕಾಲುವೆಗಳಲ್ಲಿ ಹಲವನ್ನು ಮಣ್ಣು ತುಂಬಿ ಮುಚ್ಚಬೇಕೆಂದು ಸಲಹೆ ಮಾಡಿದ. 1967ರಲ್ಲಿ ಡೇವಿಡ್ ಯೋಕಿನೆನ್ ಎಂಬ ಅಮೆರಿಕನ್ ಯೋಜಕ, ನಗರದ ಹೃದಯದವರೆಗೂ ಹೆದ್ದಾರಿ ತರುವ ನಕ್ಷೆ ಮುಂದಿಟ್ಟ. ಅದರಂತೆ ನಡೆದಿದ್ದರೆ ದುಡಿಯುವ ಜನರ ಹಳೆಯ ಬಡಾವಣೆಗಳು ನೆಲಸಮವಾಗಬೇಕಿತ್ತು. ಎರಡು ಯೋಜನೆಗಳೂ ಕೈಗೂಡಲಿಲ್ಲ. ಅಂದು ಉಳಿದ ಕಾಲುವೆಗಳ ವಲಯ 2010ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆದರೂ ಬೇರೆಡೆ ಮನೆಗಳು ಉರುಳಿದವು, ಬೀದಿಗಳು ಅಗಲವಾದವು. ಚೌಕಗಳು ಕಾರು ನಿಲ್ಲಿಸುವ ತಾಣಗಳಾದವು, ಸೈಕಲ್ ಬೀದಿಯ ಅಂಚಿಗೆ ಸರಿಯಿತು.

ಮೊದಲ ಪ್ರತಿಭಟನೆ ತುಂಟತನದ ರೂಪದಲ್ಲಿ ಬಂದಿತು. 1965ರಲ್ಲಿ ‘ಪ್ರೋವೋ’ ಎಂಬ ಬಂಡಾಯಗಾರ ತರುಣರ ಗುಂಪಿನ ಲೂಡ್ ಸ್ಕಿಮ್ಮೆಲ್‌ಪೆನ್ನಿಂಕ್ ‘ಬಿಳಿ ಸೈಕಲ್ ಯೋಜನೆ’ ಪ್ರಕಟಿಸಿದರು. ನಗರಸಭೆ ಸಾವಿರಾರು ಸೈಕಲ್ ಕೊಂಡು ಬಿಳಿಯ ಬಣ್ಣ ಬಳಿಸಬೇಕು, ಬೀಗ ಹಾಕದೆ ಬೀದಿಯಲ್ಲಿ ಬಿಡಬೇಕು, ಬೇಕಾದವರು ಏರಿ ಹೋಗಿ ಮುಟ್ಟಿದಲ್ಲಿ ಬಿಟ್ಟುಬಿಡಬೇಕು ಎಂಬುದು ಅದರ ಸಾರ. ಗುಂಪು ತಾನೇ ಕೆಲವು ಸೈಕಲ್‌ಗಳಿಗೆ ಬಣ್ಣ ಬಳಿದು ಬೀದಿಗೆ ಬಿಟ್ಟಾಗ ಪೊಲೀಸರು ಅವನ್ನು ಎತ್ತಿಕೊಂಡು ಹೋದರು. ಬೀಗವಿಲ್ಲದ ಸೈಕಲ್ ಕಳ್ಳತನಕ್ಕೆ ಪ್ರಚೋದನೆ ಎಂಬುದು ಅವರ ವಾದ. ಯೋಜನೆ ಸೋತಿತು. ಆದರೆ ಬೀದಿ ಯಾರದು ಎಂಬ ಪ್ರಶ್ನೆ ಉಳಿಯಿತು.

ಆ ಪ್ರಶ್ನೆಗೆ ತೀವ್ರತೆ ಬಂದದ್ದು ಸಾವಿನಿಂದ. 1971ರ ಒಂದೇ ವರ್ಷದಲ್ಲಿ ಹಾಲೆಂಡಿನ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ಆ ದೇಶದ ಜನಸಂಖ್ಯೆ ಸುಮಾರು 1 ಕೋಟಿ 30 ಲಕ್ಷ ಮಾತ್ರ ಎಂಬುದನ್ನು ನೆನೆದರೆ ಈ ಸಂಖ್ಯೆಯ ಘೋರತೆ ತಿಳಿಯುತ್ತದೆ. 1972ರಲ್ಲಿ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ ‘ಡೆ ಟೈಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಅವನ ಮಗುವೊಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಿತ್ತು. ಅದನ್ನು ‘ಅಪಘಾತ’ ಎನ್ನಲು ಅವನ ಮನಸ್ಸು ಒಪ್ಪಲಿಲ್ಲ. ಲೇಖನದ ತಲೆಬರಹದಲ್ಲೇ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಮಾತಿತ್ತು. ಆ ಮಾತೇ ಒಂದು ಚಳವಳಿಯ ಹೆಸರಾಯಿತು.

ಚಳವಳಿಯ ಮೊದಲ ಅಧ್ಯಕ್ಷೆ ಮಾರ್ಟ್ಯೆ ವಾನ್ ಪುಟ್ಟೆನ್ ಆಗ ಎಳೆಯ ಮಕ್ಕಳ ತಾಯಿ. ಮುಂದೆ ಆಕೆ ಯುರೋಪಿಯನ್ ಸಂಸತ್ತಿನ ಸದಸ್ಯೆಯಾದರು. ತಾಯಂದಿರು, ತಂದೆಯರು, ಮಕ್ಕಳು ಬೀದಿಗಿಳಿದರು. ಅಪಾಯದ ತಿರುವುಗಳಲ್ಲಿ ರಸ್ತೆ ತಡೆದರು, ಬೀದಿಯ ನಡುವೆಯೇ ಮೇಜು ಹಾಕಿ ಊಟಕ್ಕೆ ಕುಳಿತರು. ಆಮ್‌ಸ್ಟರ್‌ಡ್ಯಾಮ್‌ನ ಇಕ್ಕಟ್ಟಾದ ಡೆ ಪೈಪ್ ಬಡಾವಣೆಯಲ್ಲಿ ಮಕ್ಕಳೇ ತಮ್ಮ ಬೀದಿಯಲ್ಲಿ ಕಾರು ಬೇಡ, ಆಡಲು ಜಾಗ ಬೇಕು ಎಂದು ಹಟ ಹಿಡಿದರು. ಈ ಜನ ಕೇಳಿದ್ದು ದಯೆಯನ್ನಲ್ಲ. ರಸ್ತೆಯನ್ನು ಹೇಗೆ ಬದಲಿಸಬಹುದು ಎಂಬ ನಕ್ಷೆಗಳನ್ನೂ ಹಿಡಿದುಕೊಂಡೇ ಅವರು ಅಧಿಕಾರಿಗಳ ಬಳಿಗೆ ಹೋದರು.

ಅಷ್ಟರಲ್ಲಿ ಕಾಲವೂ ಸಹಾಯಕ್ಕೆ ಬಂದಿತು. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ಬೆನ್ನಲ್ಲೇ ಅರಬ್ ರಾಷ್ಟ್ರಗಳು ಹಾಲೆಂಡಿಗೆ ತೈಲ ನಿಲ್ಲಿಸಿದವು. ಪ್ರಧಾನಿ ಯೋಪ್ ಡೆನ್ ಆಯ್ಲ್ ಅವರ ಸರ್ಕಾರ ನವೆಂಬರ್ 4ರಿಂದ ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿತು. ಜನ ಖಾಲಿ ಹೆದ್ದಾರಿಗಳಲ್ಲಿ ಸೈಕಲ್ ತುಳಿದರು, ಮಕ್ಕಳು ಗಾಲಿ ಬೂಟು ಕಟ್ಟಿ ಜಾರಿದರು. ಎರಡು ತಿಂಗಳ ಈ ವ್ಯವಸ್ಥೆ, ಕಾರಿಲ್ಲದ ಊರು ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ತೋರಿಸಿತು. 1975ರಲ್ಲಿ ಹೊಸದೊಂದು ಸಂಘ ಹುಟ್ಟಿ ‘ಏಕೈಕ ನಿಜವಾದ ಡಚ್ ಸೈಕಲ್ ಸವಾರರ ಸಂಘ’ ಎಂದು ಹೆಸರಿಟ್ಟುಕೊಂಡಿತು. 1883ರ ಹಳೆಯ ಸಂಘ ಆ ಹೊತ್ತಿಗೆ ಕಾರು ಮಾಲೀಕರ ಸಂಘವಾಗಿ ಬದಲಾಗಿತ್ತು. ಹೆಸರಿನ ಕುಟುಕು ಅದಕ್ಕೇ!

ಬೇಡಿಕೆ ನೀತಿಯಾದದ್ದಕ್ಕೆ ಉತ್ತರದ ಗ್ರೋನಿಂಗೆನ್ ನಗರ ಉತ್ತಮ ನಿದರ್ಶನ. ಅಲ್ಲಿನ ಆಡಳಿತ ಮಂಡಳಿಯ ತರುಣ ಸದಸ್ಯ ಮಾಕ್ಸ್ ವಾನ್ ಡೆನ್ ಬೆರ್ಗ್ ನಗರ ಕೇಂದ್ರವನ್ನು ನಾಲ್ಕು ಭಾಗ ಮಾಡುವ ಯೋಜನೆ ರೂಪಿಸಿದರು. ಒಂದು ಭಾಗದಿಂದ ಇನ್ನೊಂದಕ್ಕೆ ಕಾರು ನೇರವಾಗಿ ಹೋಗುವಂತಿಲ್ಲ. ಹೊರಗಿನ ವರ್ತುಲ ರಸ್ತೆಗೆ ಬಂದು ಸುತ್ತಿ ಹೋಗಬೇಕು. ಸೈಕಲ್‌ಗೂ ಕಾಲ್ನಡಿಗೆಗೂ ಮಾತ್ರ ನೇರ ದಾರಿ. ವ್ಯಾಪಾರ ಹಾಳಾಗುತ್ತದೆ ಎಂದು ಅಂಗಡಿಕಾರರು ಸಿಡಿದೆದ್ದರು. ಆದರೂ 1977ರ ಸೆಪ್ಟೆಂಬರಿನ ಒಂದು ರಾತ್ರಿ ಫಲಕಗಳನ್ನು ಬದಲಿಸಿ ಯೋಜನೆ ಜಾರಿ ಮಾಡಲಾಯಿತು. ಕಾರನ್ನು ಯಾರೂ ನಿಷೇಧಿಸಿರಲಿಲ್ಲ. ಹತ್ತಿರದ ದೂರಕ್ಕೆ ಸೈಕಲ್ಲೇ ಬೇಗ ಎನ್ನುವಂತಾಯಿತು, ಅಷ್ಟೆ. ಇಂದು ಆ ನಗರದೊಳಗಿನ ಓಡಾಟದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಸೈಕಲ್ ಮೇಲೆ ನಡೆಯುತ್ತದೆ.

ಎಲ್ಲ ಪ್ರಯೋಗಗಳೂ ಒಮ್ಮೆಗೇ ಫಲಿಸಲಿಲ್ಲ. 1970ರ ದಶಕದಲ್ಲಿ ಕೇಂದ್ರ ಸರ್ಕಾರದ ಹಣದಿಂದ ಹೇಗ್ ಮತ್ತು ಟಿಲ್ಬರ್ಗ್ ನಗರಗಳಲ್ಲಿ ಮಾದರಿ ಸೈಕಲ್ ಮಾರ್ಗಗಳು ನಿರ್ಮಾಣವಾದವು. ಮಾರ್ಗ ಚೆನ್ನಾಗಿತ್ತು, ಅಕ್ಕಪಕ್ಕದ ಬೀದಿಗಳ ಸವಾರರು ಅದಕ್ಕೆ ಬಂದು ಸೇರಿದರು. ಹೊಸದಾಗಿ ಸೈಕಲ್ ಹಿಡಿದವರು ಮಾತ್ರ ಹೆಚ್ಚಲಿಲ್ಲ. ಕಾರಣ ಸ್ಪಷ್ಟ. ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ಒಂದೇ ಒಂದು ತಿರುವು ಅಪಾಯಕರವಾಗಿದ್ದರೂ ತಾಯಿ ಮಗುವನ್ನು ಕಳಿಸುವುದಿಲ್ಲ. ಈ ಪಾಠ ಕಲಿತು 1980ರ ದಶಕದಲ್ಲಿ ಡೆಲ್ಫ್ಟ್ ನಗರದಲ್ಲಿ ಇಡೀ ಊರನ್ನು ಹೆಣೆಯುವ ಸೈಕಲ್ ಮಾರ್ಗಗಳ ಬಲೆಯನ್ನೇ ರಚಿಸಲಾಯಿತು. ಬಿಟ್ಟುಹೋದ ಕೊಂಡಿಗಳನ್ನು ಸೇರಿಸಿ, ಬೇಕಾದಲ್ಲಿ ಸೇತುವೆ, ಸುರಂಗಗಳನ್ನು ಕಟ್ಟಲಾಯಿತು. ಅಲ್ಲಿ ಸವಾರಿ ನಿಜವಾಗಿಯೂ ಹೆಚ್ಚಿತು.

ಇದೇ ಡೆಲ್ಫ್ಟ್‌ನಲ್ಲಿ ‘ವೂನ್‌ಎರ್ಫ್’ ಎಂಬ ಇನ್ನೊಂದು ಕಲ್ಪನೆಯೂ ಬೆಳೆದಿತ್ತು. ಬೀದಿಯನ್ನು ಮನೆಯಂಗಳದಂತೆ ಕಾಣುವ ಬಗೆ ಇದು. ಗಿಡ, ಬೆಂಚು, ತಿರುವುಗಳಿಂದ ಕಾರಿನ ವೇಗ ತಾನಾಗಿ ನಡಿಗೆಯ ಮಟ್ಟಕ್ಕೆ ಇಳಿಯುತ್ತದೆ. 1976ರಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು. ಮುಂದೆ ರಸ್ತೆ ತಜ್ಞರು ಸೈಕಲ್ ಮಾರ್ಗಕ್ಕೆ ಐದು ಲಕ್ಷಣಗಳನ್ನು ಗೊತ್ತುಮಾಡಿದರು: ಕಡಿಯದ ಜೋಡಣೆ, ನೇರ ದಾರಿ, ಸುರಕ್ಷತೆ, ಆರಾಮ, ಹಿತವಾದ ಪರಿಸರ. ಕಾರು ಡಿಕ್ಕಿಯಾಗಿ ಹದಿನಾಲ್ಕು ವರ್ಷದೊಳಗಿನ ಮಗು ಗಾಯಗೊಂಡರೆ, ತಪ್ಪು ಮಗುವಿನದೇ ಆದರೂ ಪರಿಹಾರದ ಹೊಣೆ ಬಹುಮಟ್ಟಿಗೆ ಕಾರಿನ ಕಡೆಯವರದೇ. ಇದು ಶಿಕ್ಷೆಯಲ್ಲ, ನಷ್ಟ ಭರ್ತಿಯ ನಿಯಮ. ಹೆಚ್ಚು ಅಪಾಯ ತರಬಲ್ಲವನು ಹೆಚ್ಚು ಹೊರಬೇಕು ಎಂಬುದು ಇದರ ಹಿಂದಿನ ನ್ಯಾಯ.

ಫಲಿತಾಂಶ? 2023ರಲ್ಲಿ ಹಾಲೆಂಡಿನ ರಸ್ತೆಗಳಲ್ಲಿ ಸತ್ತವರು 684 ಮಂದಿ. 1971ಕ್ಕಿಂತ ಕಾರುಗಳು ಎಷ್ಟೋ ಪಟ್ಟು ಹೆಚ್ಚಿರುವಾಗಲೂ ಸಾವು ಸುಮಾರು ಐದರಲ್ಲೊಂದು ಪಾಲಿಗೆ ಇಳಿದಿದೆ. ವಾಹನಗಳ ತಯಾರಿಕೆ, ಸೀಟ್ ಬೆಲ್ಟ್, ವೈದ್ಯಕೀಯ ಇವುಗಳ ಪಾಲೂ ಇದರಲ್ಲಿದೆ. ಹಾಗೆಂದು ಎಲ್ಲವೂ ಮುಗಿದಿಲ್ಲ. ಆ 684ರಲ್ಲಿ 270 ಮಂದಿ ಸೈಕಲ್ ಸವಾರರು. ಅವರಲ್ಲಿ ವೃದ್ಧರು ಬಹಳ. ವಿದ್ಯುತ್ ಸೈಕಲ್‌ನ ವೇಗ ಹೊಸ ಚಿಂತೆ ತಂದಿದೆ. 2023ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮ್ ತನ್ನ ಬಹುಪಾಲು ಬೀದಿಗಳ ವೇಗಮಿತಿಯನ್ನು ಗಂಟೆಗೆ 30 ಕಿಲೋಮೀಟರಿಗೆ ಇಳಿಸಿತು. ಯುಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ತಾಣ 2019ರಲ್ಲಿ ಪೂರ್ಣವಾಯಿತು.

ಪೊಲೀಸರು ಎತ್ತಿಕೊಂಡು ಹೋದ ಆ ಬಿಳಿ ಸೈಕಲ್‌ಗಳ ಕಥೆಯೂ ಅಲ್ಲಿಗೆ ನಿಲ್ಲಲಿಲ್ಲ. 1995ರಲ್ಲಿ ಕೋಪನ್‌ಹೇಗನ್, 2007ರಲ್ಲಿ ಪ್ಯಾರಿಸ್ ಅದೇ ಕಲ್ಪನೆಯನ್ನು ಬೀಗದ ಏರ್ಪಾಡಿನೊಡನೆ ಜಾರಿಗೆ ತಂದವು. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ಯೋಜನೆ ಇದೇ ವಂಶದ ಕುಡಿ. ಸೈಕಲ್ ಒದಗಿಸುವುದು ಮಾತ್ರ ಕೆಲಸದ ಅರ್ಧ. ಉಳಿದರ್ಧ ಮಗುವೂ ಅದನ್ನು ತುಳಿದು ಮನೆಗೆ ಸುರಕ್ಷಿತವಾಗಿ ಮರಳಬಲ್ಲ ದಾರಿ. ಆ ದಾರಿ ಹಾಲೆಂಡಿನವರಿಗೂ ಪಿತ್ರಾರ್ಜಿತವಾಗಿ ಬರಲಿಲ್ಲ. ಮಕ್ಕಳನ್ನು ಕಳೆದುಕೊಂಡವರು ಬೀದಿಯಲ್ಲಿ ಕುಳಿತು ಅದನ್ನು ಪಡೆದುಕೊಂಡರು.