ತಂಬೂರಿಯ ಮುಂದೆ ಸ್ಯಾಕ್ಸೊಫೋನು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ವಿದ್ಯಾರ್ಥಿ ಮಿತ್ರರಿಗೆ ಮನೋಧರ್ಮವೆಂದರೇನೆಂದು ಹೆಚ್ಚು ಹೇಳಬೇಕಾಗಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು ವಚನದ ಒಂದೇ ಸಾಲನ್ನು ಹಲವು ಬಗೆಯಲ್ಲಿ ಬೆಳೆಸಿ ತಬಲೆಯ ಸಮಕ್ಕೆ ಬಂದು ಸೇರುವುದನ್ನು ನೀವು ಕೇಳಿರಬಹುದು. ಜಾಝ್ ವಾದಕನೂ ಹೀಗೆಯೇ ಸ್ಥಳದಲ್ಲೇ ಸಂಗೀತ ಕಟ್ಟುತ್ತಾನೆ. ಆದರೆ ನಮ್ಮ ಗಾಯಕನಿಗೆ ಆಧಾರ ತಂಬೂರಿಯ ಅಚಲ ಷಡ್ಜ. ಅವನಿಗೆ ಸಾಮಾನ್ಯವಾಗಿ ಒಂದಾದ ಮೇಲೊಂದು ಬದಲಾಗುವ ಕಾರ್ಡುಗಳು, ಅಂದರೆ ಸ್ವರಗುಚ್ಛಗಳು. ಇವೆರಡು ಕೂಡಿದರೆ ಯಾರು ಏನನ್ನು ಬಿಡಬೇಕು?

ಬ್ರಿಟನ್ನಿನಲ್ಲಿ ಬ್ಲೂಸ್ ಮತ್ತು ಜಾಝ್ ಕೂಡಿದಾಗ ಈ ತೊಡಕು ಅಷ್ಟಾಗಿ ಇರಲಿಲ್ಲ. ಡ್ರಮ್ ವಾದಕ ಜಾನ್ ಹೈಸ್‌ಮನ್ನರ ಕೊಲೊಸಿಯಂ ತಂಡ 1969ರಲ್ಲಿ 'ವ್ಯಾಲೆಂಟೈನ್ ಸೂಟ್' ಹೊರತಂದಿತು. ಬ್ಲೂಸು ಜಾಝಿನ ಬೇರುಗಳಲ್ಲೊಂದೇ ಆದ್ದರಿಂದ ಅದು ನೆಂಟರ ಮನೆಗೆ ಹೋದಂತೆ. ಮುಂದೆ ಜರ್ಮನಿಯ ಒಂದು ವಾದ್ಯಮೇಳದಲ್ಲಿ ಇದೇ ಹೈಸ್‌ಮನ್ನರ ಜೊತೆಗಾರರಾಗಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ (1923–2009) ಇನ್ನೂ ದೂರ ನಡೆದರು. ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು.

1983ರಲ್ಲಿ ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ಜರ್ಮನಿಯಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ಮಾಡಿದರು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಸಂಸ್ಥೆಯದು. ಗಾಯನ ಆರ್.ಎ. ರಮಾಮಣಿಯವರದು, ಜೊತೆಗೆ ಘಟ, ಮೋರ್ಸಿಂಗ್, ಖಂಜಿರ, ಕೊನ್ನಕ್ಕೋಲು. ಪಿಯಾನೊ ಇಲ್ಲ, ಗಿಟಾರಿಲ್ಲ, ಡ್ರಮ್ ಸೆಟ್ಟೂ ಇಲ್ಲ.

ಇದು ಸಣ್ಣ ಸಂಗತಿಯಲ್ಲ. ಫ್ಯೂಷನ್ ಹೆಸರಿನ ಎಷ್ಟೋ ಮುದ್ರಿಕೆಗಳಲ್ಲಿ ನಮ್ಮ ವಾದ್ಯಗಳು ಬ್ಯಾಡಗಿ ಮೆಣಸಿನಕಾಯಿಯಂತೆ ಬಣ್ಣಕ್ಕೆ ಬೀಳುತ್ತವೆ, ಖಾರ ಬೇರೆಯವರದು. ಇಲ್ಲಿ ಕಾರ್ಡುಗಳನ್ನು ಬಿಟ್ಟು ಶ್ರುತಿಗೆ ಬಂದು ನಿಂತವರು ಮರಿಯಾನೊ. ಲಯದವರು ತಮ್ಮ ತಾಳ ಬಿಡಲಿಲ್ಲ.

ಹಾಗಿದ್ದರೆ ಗಮಕ? ವಿಜ್ಞಾನ ಓದಿದವನ ಚಪಲ, ಹೇಳಿಬಿಡುತ್ತೇನೆ. ಸ್ಯಾಕ್ಸೊಫೋನಿನ ರಂಧ್ರಗಳ ಜಾಗ ಸ್ಥಿರ, ಹಾರ್ಮೋನಿಯಮ್ಮಿನ ಮನೆಗಳಂತೆ. ಆದರೆ ತುಟಿಯ ಒತ್ತಡ, ಬಾಯೊಳಗಿನ ಆಕಾರ ಬದಲಿಸಿದರೆ ಸ್ವರ ಬಾಗುತ್ತದೆ, ಜಾರುತ್ತದೆ. ಎರಡು ಗಾಂಧಾರಗಳ ನಡುವೆ ತೂಗುವ ಬ್ಲೂಸ್ ಸ್ವರವನ್ನು ಜಾಝ್ ವಾದಕರು ನುಡಿಸುವುದೂ ಹೀಗೆಯೇ. ಗಮಕದ ಕಡೆಗೆ ಮರಿಯಾನೊಗೆ ಅರ್ಧ ದಾರಿ ಮೊದಲೇ ಸವೆದಿತ್ತೆಂದು ನನ್ನ ಊಹೆ. ಉಳಿದರ್ಧವನ್ನು ನಾಗಸ್ವರ ಕಲಿಸಿರಬೇಕು.

ಮುದ್ರಿಕೆ ಸಿಕ್ಕರೆ ಕೇಳಿ. ರಮಾಮಣಿಯವರು ಹಾಡುವಾಗ ಅವರು ಎಲ್ಲೆಲ್ಲಿ ಸುಮ್ಮನಿರುತ್ತಾರೆ ಎಂಬುದನ್ನೂ ಗಮನಿಸಿ.